ಹುಬ್ಬಳ್ಳಿಯ ಮನೆಯ ಟೆರೇಸಿನ ಮೇಲೆ ನಾಲ್ಕು ಜನರ ಹಾಟ್ ಟಬ್ ಇಡಬಹುದೇ?

ಕೇಶ್ವಾಪುರದ ನಿಮ್ಮ ಎರಡಂತಸ್ತಿನ ಮನೆಯ ಟೆರೇಸಿನ ಮೇಲೆ ನಾಲ್ಕು ಜನ ಕೂರುವ ಹಾಟ್ ಟಬ್, ಅಂದರೆ ಬಿಸಿನೀರಿನ ತೊಟ್ಟಿ, ಇಡಬಹುದೇ, ಅದರಿಂದ ಲೈಟ್ ಬಿಲ್ ಎಷ್ಟು ಏರುತ್ತದೆ, ಮೊಣಕಾಲು ನೋವಿರುವ ನಿಮ್ಮ ತಂದೆಯವರಿಗೆ ಉಪಯೋಗವಾದೀತೇ, ಈಗಾಗಲೇ ಇರುವ ಸೋಲಾರ್ ಹೀಟರನ್ನು ಅದಕ್ಕೆ ಜೋಡಿಸಬಹುದೇ ಎಂದು ಕೇಳಿದ್ದೀರಿ. ನಾನು ಧಾರವಾಡದವನು, ಮನೆ ಕಟ್ಟುವ ಕೆಲಸಗಳ ಮೇಲ್ವಿಚಾರಣೆ ನನ್ನ ವೃತ್ತಿ, ನಮ್ಮ ಹಿತ್ತಲಿನಲ್ಲಿಯೂ ಅಂಥದೊಂದು ಟಬ್ ಇದೆ. ಟೆರೇಸಿನ ಮೇಲೆ ಬೇಡ, ನೆಲದ ಮೇಲೆ ಆದೀತು, ನಾಲ್ಕು ಜನರದ್ದಕ್ಕಿಂತ ಎರಡು ಅಥವಾ ಮೂರು ಜನರದ್ದು ಮೇಲು ಎಂಬುದು ನನ್ನ ಅಭಿಪ್ರಾಯ. ಟಬ್ಬಿಗೆ ಮುಂಗಡ ಕೊಡುವ ಮೊದಲು ಅದು ಕೂರುವ ಜಾಗ, ಅದಕ್ಕೆ ತುಂಬುವ ನೀರು, ಅದಕ್ಕೆ ಬರುವ ಕರೆಂಟು ಇವುಗಳ ಲೆಕ್ಕ ಮುಗಿದಿರಬೇಕು. ನಮ್ಮ ಕಡೆ ತೊಂದರೆ ಹುಟ್ಟುವುದು ಟಬ್ಬಿನಿಂದಲ್ಲ, ಇವುಗಳಿಂದ.

ನಾಲ್ಕು ಜನರ ಟಬ್ಬಿನಲ್ಲಿ ಸುಮಾರು 1000 ಲೀಟರ್ ನೀರು ಹಿಡಿಯುತ್ತದೆ, ಅಂದರೆ ನೀರೇ ಒಂದು ಟನ್. ಖಾಲಿ ಟಬ್ಬಿನ ತೂಕ 250 ಕಿಲೋ, ಒಳಗೆ ಕೂರುವ ನಾಲ್ವರದು 280 ಕಿಲೋ ಎಂದು ಹಿಡಿದರೆ ಒಟ್ಟು ಭಾರ 1500 ಕಿಲೋ ದಾಟುತ್ತದೆ, ಮತ್ತು ಅದೆಲ್ಲವೂ ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಜಾಗದ ಮೇಲೆ ಕೂರುವುದರಿಂದ ಪ್ರತಿ ಚದರ ಮೀಟರಿನ ಮೇಲೆ ಸುಮಾರು 380 ಕಿಲೋ ಬೀಳುತ್ತದೆ. ಕಟ್ಟಡಗಳು ಹೊರಬೇಕಾದ ಭಾರವನ್ನು ಕುರಿತ ಭಾರತೀಯ ಮಾನಕ ಐಎಸ್ 875ರ ಎರಡನೆಯ ಭಾಗ ವಾಸದ ಕೋಣೆಗಳಿಗೆ ಚದರ ಮೀಟರಿಗೆ ಹೆಚ್ಚುಕಡಿಮೆ 200 ಕಿಲೋ, ಜನ ಓಡಾಡುವ ಟೆರೇಸಿಗೆ 150 ಕಿಲೋ ಎಂದು ಹಿಡಿಯುತ್ತದೆ. ಅಂದರೆ ನಿಮ್ಮ ಸ್ಲ್ಯಾಬನ್ನು ನಿಯಮದ ಪ್ರಕಾರ ಕಟ್ಟಿದ್ದರೂ ಅದರ ಲೆಕ್ಕದ ಎರಡೂವರೆ ಪಟ್ಟು ಭಾರವನ್ನು, ಅದೂ ವರ್ಷಪೂರ್ತಿ ಇಳಿಸದೆ, ನೀವು ಅದರ ಮೇಲೆ ಹೊರಿಸಿದಂತಾಗುತ್ತದೆ. "ನಮ್ಮ ಸಿಂಟೆಕ್ಸ್ ಟ್ಯಾಂಕೂ ಸಾವಿರ ಲೀಟರಿನದೇ, ಅದಕ್ಕೇನೂ ಆಗಿಲ್ಲವಲ್ಲ" ಎಂಬ ಮಾತನ್ನು ನಾನು ಅನೇಕರಿಂದ ಕೇಳಿದ್ದೇನೆ. ಆ ಟ್ಯಾಂಕನ್ನು ಸಾಮಾನ್ಯವಾಗಿ ಮೆಟ್ಟಿಲ ಕೋಣೆಯ ಮೇಲೆ, ಗೋಡೆ ಮತ್ತು ಕಾಲಮ್ಮುಗಳ ನೇರಕ್ಕೆ ಕೂರಿಸಿರುತ್ತಾರೆ; ಟಬ್ಬಿಗೆ ಎಲ್ಲರೂ ಬಯಸುವುದು ಸ್ಲ್ಯಾಬಿನ ನಟ್ಟನಡುವಿನ ಬಯಲನ್ನು. ಟೆರೇಸೇ ಬೇಕೆಂದು ಹಠವಿದ್ದರೆ ಮನೆಯ ಮೂಲ ನಕ್ಷೆ ಮತ್ತು ಸರಳಿನ ವಿವರಗಳೊಂದಿಗೆ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರರನ್ನು ಕಂಡು, ಕಾಲಮ್ಮಿನಿಂದ ಕಾಲಮ್ಮಿಗೆ ಉಕ್ಕಿನ ತೊಲೆಗಳನ್ನು ಹಾಯಿಸಿ ಅವುಗಳ ಮೇಲೆ ಕೂರಿಸಲು ಸಾಧ್ಯವೇ ಎಂದು ಬರಹದಲ್ಲಿ ಪಡೆಯಿರಿ. ಗುತ್ತಿಗೆದಾರರ ಬಾಯಿಮಾತಿನ ಭರವಸೆ ಇಲ್ಲಿ ಸಾಲದು.

ನೆಲದ ಮೇಲೆ ಇಡುವುದಾದರೆ ಪ್ರಶ್ನೆ ಮಣ್ಣಿನದು. ಹುಬ್ಬಳ್ಳಿಯ ಸುತ್ತ ಎರೆ ಮಣ್ಣು ಹೆಚ್ಚು. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುವ ಈ ಮಣ್ಣಿನ ಮೇಲೆ ನೇರವಾಗಿ ಕಾಂಕ್ರೀಟ್ ಹಾಕಿದರೆ ಒಂದು ಮೂಲೆ ಮೇಲೇಳುವುದು, ಇನ್ನೊಂದು ಕೂರುವುದು ಖಂಡಿತ. ಟಬ್ ವಾಲಿದರೆ ನೀರಿನ ಮಟ್ಟ ಒಂದು ಬದಿಗೆ ಇಳಿದು ಪಂಪು ಗಾಳಿಯನ್ನು ಎಳೆಯುತ್ತದೆ, ಅಕ್ರಿಲಿಕ್ ಮೈಯ ಮೇಲೆ ಒತ್ತಡ ಬಿದ್ದು ಸೀಳು ಕಾಣಿಸಿಕೊಳ್ಳಬಹುದು. ಆದ್ದರಿಂದ ಎರಡು ಮೂರು ಅಡಿ ಎರೆ ತೆಗೆಸಿ, ಗರಸನ್ನು ಪದರ ಪದರವಾಗಿ ಹಾಕಿಸಿ, ಪ್ರತಿ ಪದರಕ್ಕೂ ನೀರು ಹೊಡೆದು ದಿಮ್ಮಸು ಮಾಡಿಸಿದ ಮೇಲೆ ಸರಳಿನ ಜಾಳಿಗೆ ಇರುವ ಆರು ಇಂಚಿನ ಕಾಂಕ್ರೀಟ್ ಬೆಡ್ ಹಾಕಿಸಿರಿ. ಬೆಡ್ ಸಮತಟ್ಟಾಗಿರಬೇಕು, ಅದರ ಸುತ್ತಲಿನ ನೆಲ ಮಾತ್ರ ಹೊರಕ್ಕೆ ಇಳಿಜಾರಾಗಿದ್ದು ಮಳೆಯ ನೀರು ಗಟಾರಕ್ಕೆ ಹರಿಯುವಂತಿರಬೇಕು. ಮೋಟಾರು ಇರುವ ಬದಿಯಲ್ಲಿ ಒಬ್ಬ ಮನುಷ್ಯ ಕೂತು ಕೆಲಸ ಮಾಡುವಷ್ಟು ಜಾಗ ಬಿಡಿ, ತಳದ ಸಂದುಗಳಿಗೆ ಜಾಳಿಗೆ ಬಡಿಸಿ. ಬೆಚ್ಚಗಿರುವ ಆ ಪೆಟ್ಟಿಗೆಯೊಳಗೆ ಇಲಿಗಳು ಸಂಸಾರ ಹೂಡುತ್ತವೆ. ಟಬ್ಬನ್ನು ಪಕ್ಕಕ್ಕೆ ನಿಲ್ಲಿಸಿ ತರುತ್ತಾರಾದ್ದರಿಂದ ಗೇಟಿನ ಅಗಲ ಮೂರೂವರೆ ಅಡಿಯಾದರೂ ಇರಲಿ. ಓಣಿ ಇಕ್ಕಟ್ಟಾಗಿದ್ದರೆ ಹೈಡ್ರಾ ಕ್ರೇನು ಒಳಗೆ ಬರುತ್ತದೆಯೇ, ಮೇಲೆ ವಿದ್ಯುತ್ ತಂತಿಗಳಿವೆಯೇ ಎಂದು ಮೊದಲೇ ನೋಡಿಕೊಳ್ಳಿ.

ನಮ್ಮ ಊರಿನ ಸ್ಯಾನಿಟರಿ ಅಂಗಡಿಗಳಲ್ಲಿ ತೋರಿಸುವುದು ಹೆಚ್ಚಾಗಿ ಜೆಟ್ ಇರುವ ಬಾತ್‌ಟಬ್. ಅದನ್ನು ಬಚ್ಚಲಲ್ಲಿ ಕೂರಿಸಿ, ಗೀಸರಿನ ನೀರು ತುಂಬಿ, ಸ್ನಾನವಾದ ಮೇಲೆ ಖಾಲಿ ಮಾಡುತ್ತಾರೆ. ಹಾಟ್ ಟಬ್ ಹಾಗಲ್ಲ: ತುಂಬಿದ ನೀರು ತಿಂಗಳುಗಟ್ಟಲೆ ಅದರಲ್ಲೇ ಇರುತ್ತದೆ, ಒಳಗಿನ ಹೀಟರು ಅದನ್ನು ಕಾಯಿಸುತ್ತದೆ, ಫಿಲ್ಟರು ಸೋಸುತ್ತದೆ, ಮೇಲೆ ದಪ್ಪ ಮುಚ್ಚಳ ಇರುತ್ತದೆ. ಗಾಳಿ ತುಂಬುವ ಅಗ್ಗದ ಟಬ್ಬುಗಳನ್ನು ನಮ್ಮ ಏಪ್ರಿಲ್ ಬಿಸಿಲಿಗೆ ಇಡುವುದು ದಂಡ. ಆಮದು ಟಬ್ ಕೊಳ್ಳುವುದಾದರೆ ಅದು 230 ವೋಲ್ಟ್, 50 ಹರ್ಟ್ಸಿನದೇ ಎಂದು ಕೊಟೇಶನ್ನಿನಲ್ಲಿ ಬರೆಸಿಕೊಳ್ಳಿ, ಏಕೆಂದರೆ ಅಮೆರಿಕದ ಬಳಕೆಗೆ ಮಾಡಿದ 60 ಹರ್ಟ್ಸಿನ ಮೋಟಾರು ಇಲ್ಲಿ ಸರಿಯಾಗಿ ನಡೆಯುವುದಿಲ್ಲ. ರಿಪೇರಿಗೆ ಬರುವವರು ಯಾವ ಊರಿನಿಂದ ಬರುತ್ತಾರೆ, ಅವರ ಪ್ರಯಾಣದ ಖರ್ಚು ಯಾರದು, ಹೀಟರು ಮತ್ತು ಪಂಪಿನ ಸೀಲು ದೇಶದೊಳಗೆ ಸಿಗುತ್ತವೆಯೇ ಎಂದು ಕೇಳಿದಾಗ ಮಾರುವವರು ತಡವರಿಸಿದರೆ, ಆ ಟಬ್ ಎಷ್ಟೇ ಚೆಲುವಾಗಿದ್ದರೂ ಬಿಟ್ಟುಬಿಡಿ.

ನೀರಿನ ವಿಷಯದಲ್ಲಿ ನಾವು ಅವಳಿ ನಗರದವರು ಒಂದು ರೀತಿಯಲ್ಲಿ ಅದೃಷ್ಟವಂತರು. ನವಿಲುತೀರ್ಥದ ಜಲಾಶಯದಿಂದ ಬಂದು ಅಮ್ಮಿನಬಾವಿಯಲ್ಲಿ ಶುದ್ಧವಾಗುವ ಮಲಪ್ರಭೆಯ ನೀರು, ಸರದಿಗಾಗಿ ನಮ್ಮನ್ನು ಎಷ್ಟು ಕಾಯುವಂತೆ ಮಾಡಿದರೂ, ಟಬ್ಬಿಗೆ ಬೋರಿನ ನೀರಿಗಿಂತ ಹಿತ. ಗದಗ, ಹಾವೇರಿ ಕಡೆಯ ಓದುಗರೂ ಇದನ್ನು ಗಮನಿಸಬೇಕು: ಸವಳು ನೀರು ತುಂಬಿದರೆ ಹೀಟರಿನ ಕಾಯಿಲ್ ಮೇಲೆ ಸುಣ್ಣದ ಪದರ ಕಟ್ಟಿ ಅದು ಬೇಗ ಸುಟ್ಟುಹೋಗುತ್ತದೆ. ಗಡಸುತನ ಲೀಟರಿಗೆ 150ರಿಂದ 250 ಮಿಲಿಗ್ರಾಂ ಇದ್ದರೆ ಉತ್ತಮ, ತೀರ ಮೆದು ನೀರೂ ಲೋಹವನ್ನು ತಿನ್ನುತ್ತದೆ. ಟ್ಯಾಂಕರಿನ ನೀರು ಬಹುಮಟ್ಟಿಗೆ ಬೋರಿನದೇ ಆದ್ದರಿಂದ, ನಲ್ಲಿ ನೀರು ಬಂದ ದಿನ ನೆಲತೊಟ್ಟಿಯಲ್ಲಿ ಹಿಡಿದಿಟ್ಟು ಅದನ್ನೇ ತುಂಬಿಸಿರಿ. ನೀರಿನ ಹುಳಿ-ಕ್ಷಾರದ ಅಳತೆಯಾದ ಪಿಎಚ್ 7ರಿಂದ 7.8ರ ಒಳಗೆ, ಕ್ಲೋರಿನ್ ಲೀಟರಿಗೆ 3 ಮಿಲಿಗ್ರಾಮಿಗೆ ಕಡಿಮೆಯಾಗದಂತೆ ಇರಬೇಕು. ಪರೀಕ್ಷೆಯ ಪಟ್ಟಿ ಅದ್ದಿದರೆ ಬಣ್ಣದಿಂದ ತಿಳಿಯುತ್ತದೆ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರನ್ನು ಇದಕ್ಕೆ ಸುರಿಯಬೇಡಿ, ಅದರ ಸುಣ್ಣವೆಲ್ಲ ಫಿಲ್ಟರಿಗೆ ಮೆತ್ತುತ್ತದೆ. ದೀಪಾವಳಿಯ ಅಭ್ಯಂಗಕ್ಕೂ ಈ ಟಬ್ಬಿಗೂ ಸಂಬಂಧ ಬೇಡ: ಎಣ್ಣೆ ಹಚ್ಚಿಕೊಂಡವರು ಬಚ್ಚಲಲ್ಲಿ ಸೀಗೆಕಾಯಿ ಉಜ್ಜಿ ಪೂರ್ತಿ ತೊಳೆದುಕೊಂಡೇ ಇಳಿಯಲಿ, ಇಲ್ಲದಿದ್ದರೆ ಮರುದಿನವೇ ನೀರಿನ ಮೇಲೆ ನೊರೆ, ಅಂಚಿನಲ್ಲಿ ಜಿಡ್ಡು. ಇಷ್ಟೆಲ್ಲ ಜೋಪಾನ ಮಾಡಿದರೂ ಮೂರು ನಾಲ್ಕು ತಿಂಗಳಿಗೊಮ್ಮೆ ನೀರು ಬದಲಿಸಲೇಬೇಕು. ಮೂರು ಜನರ ಟಬ್ ಮೇಲು ಎಂದು ನಾನು ಹೇಳುವುದಕ್ಕೆ ಭಾರಕ್ಕಿಂತ ಇದೇ ದೊಡ್ಡ ಕಾರಣ.

ಕರೆಂಟಿನ ಕೆಲಸದಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಮೂರು ಕಿಲೋವ್ಯಾಟ್ ಹೀಟರು ಒಂದೇ 13 ಆಂಪಿಯರ್ ಎಳೆಯುತ್ತದೆ, ಪಂಪು ಸೇರಿದರೆ ಮನೆಯ ಸಾಮಾನ್ಯ ಪ್ಲಗ್ ಪಾಯಿಂಟ್ ತಡೆಯುವುದಿಲ್ಲ. ಮೀಟರ್ ಬೋರ್ಡಿನಿಂದಲೇ ಬೇರೆ ತಂತಿ, ಅದಕ್ಕೆ ಲೋಡು ಮೀರಿದರೆ ಕರೆಂಟು ಕಡಿಯುವ ಪ್ರತ್ಯೇಕ ಎಂಸಿಬಿ, ಕರೆಂಟು ಸೋರಿದರೆ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಪರೀಕ್ಷಿಸಿದ ಅರ್ಥಿಂಗ್ ಇರಬೇಕು, ಮತ್ತು ಸ್ವಿಚ್ಚು ನೀರಿನಲ್ಲಿ ಕುಳಿತವರ ಕೈಗೆ ಎಟುಕಬಾರದು. ಹೆಸ್ಕಾಂ ಮಂಜೂರು ಮಾಡಿದ ನಿಮ್ಮ ಲೋಡು ಎಷ್ಟೆಂದು ಬಿಲ್ಲಿನಲ್ಲೇ ಇರುತ್ತದೆ. ಸಾಲದಿದ್ದರೆ ಹೆಚ್ಚಿಸಲು ಅರ್ಜಿ ಹಾಕಿ.

ಈಗ ಬಿಲ್ಲು. 1000 ಲೀಟರನ್ನು 25 ಡಿಗ್ರಿಯಿಂದ 39 ಡಿಗ್ರಿಗೆ ಏರಿಸಲು ಸುಮಾರು 16 ಯೂನಿಟ್ ಬೇಕು, ಮೂರು ಕಿಲೋವ್ಯಾಟಿನ ಹೀಟರು ಅದಕ್ಕೆ ಐದೂವರೆ ತಾಸು ತೆಗೆದುಕೊಳ್ಳುತ್ತದೆ. ಮುಚ್ಚಳ ಗಟ್ಟಿಯಾಗಿದ್ದು ನೀರನ್ನು ಸದಾ ಬಿಸಿಯಾಗಿಟ್ಟರೆ ನಮ್ಮ ಹವೆಯಲ್ಲಿ ಪಂಪೂ ಸೇರಿ ದಿನಕ್ಕೆ ನಾಲ್ಕರಿಂದ ಆರು ಯೂನಿಟ್, ಅಂದರೆ ತಿಂಗಳಿಗೆ 120ರಿಂದ 180 ಯೂನಿಟ್ ಆಗುತ್ತದೆ. ನೀವು ಗೃಹಜ್ಯೋತಿಯ ಫಲಾನುಭವಿಗಳಾಗಿದ್ದರೆ ಇದು ಬರೀ ಹೆಚ್ಚುವರಿ ಖರ್ಚಲ್ಲ: ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲನ್ನು ನೀವೇ ಕಟ್ಟಬೇಕಾಗುತ್ತದೆ. ವಾರಕ್ಕೊಮ್ಮೆ ಮಾತ್ರ ಬಳಸುವವರು ಸದಾ ಬಿಸಿಯಾಗಿಡುವುದಕ್ಕಿಂತ ಆ ದಿನ ಬೆಳಿಗ್ಗೆಯಿಂದ ಕಾಯಿಸುವುದು ಅಗ್ಗ. ಆದರೆ ಆರುತ್ತಿರುವ ಉಗುರುಬೆಚ್ಚಗಿನ ನೀರಿನಲ್ಲಿಯೇ ರೋಗಾಣುಗಳು ಹೆಚ್ಚಾಗಿ ಬೆಳೆಯುವುದರಿಂದ ಉಳಿದ ದಿನಗಳಲ್ಲೂ ಪಂಪು ಸ್ವಲ್ಪ ಹೊತ್ತು ಓಡಬೇಕು, ಕ್ಲೋರಿನ್ ಇರಲೇಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಾವು ನೀರು ತೆಗೆದು, ಒಣಗಿಸಿ, ಮುಚ್ಚಿಬಿಡುತ್ತೇವೆ. ಆ ಸೆಕೆಯಲ್ಲಿ ಬಿಸಿನೀರು ಯಾರಿಗೆ ಬೇಕು?

ತಂದೆಯವರ ವಿಷಯದಲ್ಲಿ ಮೊದಲು ಅವರ ವೈದ್ಯರ ಒಪ್ಪಿಗೆ ಪಡೆಯಿರಿ. ಬೆಚ್ಚಗಿನ ನೀರಿನಲ್ಲಿ ಕೂತಾಗ ಕೀಲಿನ ಬಿಗಿತ ಸಡಿಲವಾಗಿ ಹಾಯೆನಿಸುವುದು ನಿಜ, ಆದರೆ ಸವೆದ ಮೊಣಕಾಲನ್ನು ಅದು ಸರಿಪಡಿಸುವುದಿಲ್ಲ. ಹೃದಯದ ತೊಂದರೆ ಇದ್ದವರಿಗೆ, ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಬಿಸಿನೀರಿನಿಂದ ಎದ್ದು ನಿಂತಾಗ ರಕ್ತದೊತ್ತಡ ಇಳಿದು ತಲೆ ತಿರುಗಬಹುದು, ಜೋಮು ಹಿಡಿದ ಪಾದಕ್ಕೆ ಶಾಖದ ಅರಿವೇ ಆಗದಿರಬಹುದು. ಯಾರಿಗೂ 40 ಡಿಗ್ರಿ ಮೀರಬಾರದು. ಹಿರಿಯರಿಗೆ 38 ಸಾಕು, ಹತ್ತು ಹದಿನೈದು ನಿಮಿಷ ಸಾಕು. ಅದಕ್ಕೂ ಮೊದಲು ಮೂರಡಿ ಎತ್ತರದ ಅಂಚನ್ನು ಅವರು ದಾಟಬೇಕಲ್ಲ? ಅಗಲವಾದ, ಜಾರದ ಮೆಟ್ಟಿಲು ಮತ್ತು ಗೋಡೆಗೆ ಭದ್ರವಾಗಿ ಬಡಿದ ಹಿಡಿಕೆ ಇಲ್ಲದೆ ಅವರನ್ನು ಇಳಿಸಬೇಡಿ. ಅವರೊಬ್ಬರಿಗಾಗಿಯೇ ಈ ಖರ್ಚೆಂದಾದರೆ ಒಳ್ಳೆಯ ಫಿಸಿಯೋಥೆರಪಿಸ್ಟರ ಬಳಿ ವ್ಯಾಯಾಮ ಕಲಿಯುವುದೇ ಸೂಕ್ತ ಎಂದು ನಾನು ಹೇಳುವೆ.

ಸೋಲಾರ್ ಹೀಟರನ್ನು ಪೈಪಿನಿಂದ ಟಬ್ಬಿಗೆ ಜೋಡಿಸಬೇಡಿ. ಅದರ ನೀರು 60 ಡಿಗ್ರಿ ಮೀರುವುದುಂಟು, ಟಬ್ಬಿನ ಪೈಪು ಮತ್ತು ಸೀಲುಗಳು ಅಷ್ಟು ಶಾಖಕ್ಕೆ ಮಾಡಿದವಲ್ಲ. ಟಬ್ಬಿನ ಕ್ಲೋರಿನ್ ನೀರು ಸೋಲಾರ್ ಟ್ಯಾಂಕಿಗೆ ಮರಳುವುದೂ ಒಳ್ಳೆಯದಲ್ಲ. ಹೊಸ ನೀರು ತುಂಬುವ ದಿನ ಮಾತ್ರ ಅದರ ಉಪಯೋಗವಿದೆ: 800 ಲೀಟರ್ ತಣ್ಣೀರಿಗೆ 200 ಲೀಟರ್ ಸೋಲಾರ್ ನೀರು ಬೆರೆಸಿದರೆ ಟಬ್ಬಿನ ನೀರು 25ರಿಂದ 32 ಡಿಗ್ರಿಗೆ ಏರುತ್ತದೆ, ಮೇಲೆ ಹೇಳಿದ 16 ಯೂನಿಟ್ಟಿನಲ್ಲಿ ಅರ್ಧ ಉಳಿಯುತ್ತದೆ. ಅದಕ್ಕೆ ಪ್ಲಂಬಿಂಗ್ ಬೇಕಿಲ್ಲ, ಉದ್ದನೆಯ ಒಂದು ಪೈಪು ಸಾಕು. ತಣ್ಣೀರನ್ನು ಮೊದಲು ತುಂಬಿ, ಹಗಲೆಲ್ಲ ಬಿಸಿಲಿಗೆ ಕಾದ ನೀರನ್ನು ಸಂಜೆ ಬಿಡಿ.