ಇಷ್ಟು ಬಿಸಿಲಿದ್ದೂ ಸೋಲಾರ್ ಕ್ಯಾಮೆರಾದ ಚಾರ್ಜ್ ಯಾಕೆ ಇಳಿಯುತ್ತದೆ?

ನಿಮ್ಮ ಪ್ರಶ್ನೆ ಇದು: ಬಳ್ಳಾರಿ ಹತ್ತಿರ ಹೊಲದ ಮನೆಗೆ ಬ್ಯಾಟರಿ ಕ್ಯಾಮೆರಾ ಹಾಕಿದ್ದೀರಿ, ಜೊತೆಗೆ 4 ವ್ಯಾಟಿನ ಸೋಲಾರ್ ಪ್ಯಾನೆಲ್. ಡಿಸೆಂಬರ್‌ನಲ್ಲಿ ಯಾವಾಗಲೂ 100 ತೋರಿಸುತ್ತಿದ್ದದ್ದು ಏಪ್ರಿಲ್ ಬಂದ ಮೇಲೆ ದಿನಾ ಇಳಿಯುತ್ತಿದೆ. ದೊಡ್ಡ ಪ್ಯಾನೆಲ್ ತಗೊಳ್ಳಲಾ ಅಂತ ಕೇಳಿದ್ದೀರಿ.

ಈಗಲೇ ತಗೋಬೇಡಿ. ಹೋದ ವರ್ಷ ನಾನೂ ಹಾಗೇ ಅಂದುಕೊಂಡು 6 ವ್ಯಾಟಿನದು ತಂದೆ. ಅದು ಈಗಲೂ ಡಬ್ಬಿಯಲ್ಲೇ ಇದೆ.

ನಮ್ಮದು ರಾಯಚೂರು ಜಿಲ್ಲೆ, ಮಾನ್ವಿ ಕಡೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ, ನೀರು ಬಂದರೆ ಬಂತು. ಹಾಗಾಗಿ ಬೋರ್ ಇದೆ. ಬೋರಿನ ಕೇಬಲ್ಲನ್ನು ಎರಡು ಸಲ ಕತ್ತರಿಸಿಕೊಂಡು ಹೋದ ಮೇಲೆ ಪಂಪ್‌ಸೆಟ್ ಶೆಡ್ಡಿಗೆ ಸಿಮ್ ಹಾಕುವ ಕ್ಯಾಮೆರಾ ತಂದೆ. ಮನೆ ಹತ್ತಿರದ ಮೆಣಸಿನಕಾಯಿ ಕಣಕ್ಕೆ ವೈಫೈ ಇರುವ ಇನ್ನೊಂದು. ಮಾರ್ಚ್‌ವರೆಗೆ ಎರಡೂ ಚೆನ್ನಾಗಿದ್ದವು. ಏಪ್ರಿಲ್‌ನಲ್ಲಿ ಶೆಡ್ಡಿನದು 90, 81, 70 ಅಂತ ಇಳಿಯಲು ಶುರುವಾಯಿತು. ಪ್ಯಾನೆಲ್ ಕೆಟ್ಟಿದೆ ಅಂದುಕೊಂಡು ಒಂದಿನ ಮಟ ಮಟ ಮಧ್ಯಾಹ್ನ ಮಲ್ಟಿಮೀಟರ್ ಹಿಡಿದು ಹೋದೆ. ಪ್ಯಾನೆಲ್ ಸರಿಯಾಗಿ 5 ವೋಲ್ಟ್ ಕೊಡುತ್ತಿತ್ತು. ಪಿನ್ ವಾಪಸ್ ಚುಚ್ಚಲು ಕ್ಯಾಮೆರಾ ಹಿಡಿದುಕೊಂಡೆ ನೋಡಿ, ಒಲೆ ಮೇಲಿನ ರೊಟ್ಟಿ ಹಂಚು ಮುಟ್ಟಿದ ಹಾಗಾಯಿತು. ಆಮೇಲೆ ಆ್ಯಪ್‌ನಲ್ಲಿ ಗಮನಿಸಿದರೆ, ಚಾರ್ಜ್ ಆಗುತ್ತಿರುವ ಗುರುತು ಬೆಳಗ್ಗೆ 10ರ ಸುಮಾರಿಗೆ ಹೋಗಿ ಸಂಜೆ 5ಕ್ಕೆ ಬರುತ್ತಿತ್ತು. ಬಿಸಿಲು ಜಾಸ್ತಿ ಇರುವ ಹೊತ್ತಿನಲ್ಲೇ ಚಾರ್ಜ್ ಬಂದ್!

ಕಾರಣ ಬ್ಯಾಟರಿಯದು. ಈ ಕ್ಯಾಮೆರಾಗಳೊಳಗೆ ಇರುವುದು ಲಿಥಿಯಂ ಅಯಾನ್ ಸೆಲ್. ಅದನ್ನು ಸಾಮಾನ್ಯವಾಗಿ 0ಯಿಂದ 45 ಡಿಗ್ರಿ ಒಳಗೆ ಮಾತ್ರ ಚಾರ್ಜ್ ಮಾಡಬೇಕು. 60ರ ತನಕ ಕೆಲಸ ಮಾಡುತ್ತದೆ, ಆದರೆ ಅಷ್ಟು ಕಾವಿನಲ್ಲಿ ಚಾರ್ಜ್ ಮಾಡಿದರೆ ಸೆಲ್ ಹಾಳಾಗುತ್ತದೆ. ಅದಕ್ಕೇ ಒಳಗಿನ ಸರ್ಕ್ಯೂಟ್ ತಾನೇ ನಿಲ್ಲಿಸಿಬಿಡುತ್ತದೆ. ನಮ್ಮಲ್ಲಿ ನೆರಳಿನಲ್ಲೇ 41-42 ಇರುತ್ತದೆ. ತಗಡಿನ ಶೆಡ್ಡಿನ ಪಶ್ಚಿಮದ ಗೋಡೆಗೆ ಹಾಕಿದ ಕ್ಯಾಮೆರಾ 45ರ ಒಳಗೆ ಇರೋಕೆ ಸಾಧ್ಯನಾ? ನಮ್ಮ ಕಡೆ ಇರೋದು ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ತಮಾಷೆ ಮಾಡುತ್ತಾರಲ್ಲ, ಕ್ಯಾಮೆರಾ ಮಾಡಿದವರಿಗೆ ಅದು ಗೊತ್ತಿದ್ದಂತಿಲ್ಲ. ಪ್ಯಾನೆಲ್ಲನ್ನು ಕ್ಯಾಮೆರಾ ತಲೆ ಮೇಲೇ ಕೂರಿಸಿ ಮಾರುತ್ತಾರೆ. ಬಿಸಿಲು ಬೇಕಾದ್ದು ಪ್ಯಾನೆಲ್ಲಿಗೆ, ಕ್ಯಾಮೆರಾಗೆ ಬೇಕಾದ್ದು ನೆರಳು.

ಹಾಗಾಗಿ ಎರಡನ್ನೂ ಬೇರೆ ಮಾಡಿ. ಪ್ಯಾನೆಲ್ ಮೇಲೆ, ದಕ್ಷಿಣಕ್ಕೆ ಮುಖ ಮಾಡಿ ಇರಲಿ. ಕ್ಯಾಮೆರಾ ಉತ್ತರದ ಗೋಡೆಗೆ, ಮಾಳಿಗೆಯ ಚಾಚಿನ ಕೆಳಗೆ. ಶೆಡ್ಡಿನಲ್ಲಿ ನನಗೆ ಜಾಗ ಬದಲಿಸಲು ಆಗಲಿಲ್ಲ, ದಾರಿ ಕಾಣುವುದು ಪಶ್ಚಿಮಕ್ಕೇ. ಅದಕ್ಕೆ ಬಿಳಿ ಪೇಂಟಿನ ಬಕೆಟ್ ಒಂದನ್ನು ಉದ್ದಕ್ಕೆ ಸೀಳಿ, ಅರ್ಧವನ್ನು ಕ್ಯಾಮೆರಾ ಮೇಲೆ ಕೊಡೆಯ ಹಾಗೆ ಮೊಳೆ ಹೊಡೆದು ನಿಲ್ಲಿಸಿದೆ. ನಡುವೆ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟೆ, ಗಾಳಿ ಆಡಬೇಕಲ್ಲ. ಗೋಡೆಗೂ ಕ್ಯಾಮೆರಾಗೂ ಮಧ್ಯೆ ಒಂದು ಕಟ್ಟಿಗೆ ತುಂಡು. ನೋಡೋಕೆ ಚೆಂದ ಇಲ್ಲ. ಆದರೆ ಮಾರನೇ ದಿನ ಚಾರ್ಜ್ ಮಧ್ಯಾಹ್ನ 12ರವರೆಗೂ ನಡೆಯಿತು, ಸಂಜೆ 4ಕ್ಕೆ ಮತ್ತೆ ಶುರುವಾಯಿತು. ವಾರದಲ್ಲಿ 95ಕ್ಕೆ ಬಂತು.

ಲೆಕ್ಕ ಹಾಕಿ ನೋಡಿ. 4 ವ್ಯಾಟಿನ ಪ್ಯಾನೆಲ್, ದಿನಕ್ಕೆ ಸುಮಾರು 5 ತಾಸಿನ ಪೂರ್ತಿ ಬಿಸಿಲು, ಕಾವು ಧೂಳು ವೈರು ಅಂತ ಮೂರರಲ್ಲಿ ಒಂದು ಪಾಲು ಕಳೆದರೂ 13 ವ್ಯಾಟ್ ಅವರ್ (ವ್ಯಾಟನ್ನು ತಾಸಿನಿಂದ ಗುಣಿಸಿದ ಲೆಕ್ಕ) ಉಳಿಯುತ್ತದೆ. ನನ್ನ ಸಿಮ್ ಕ್ಯಾಮೆರಾ ದಿನಕ್ಕೆ ತಿನ್ನುವುದು 6-7. ಪ್ಯಾನೆಲ್ ಸಾಕು. ಆದರೆ ನಡುಹಗಲಿನ ಚಾರ್ಜ್ ಪೂರ್ತಿ ನಿಂತುಹೋದರೆ ಬೆಳಗಿನ ಓರೆ ಬಿಸಿಲಲ್ಲಿ ಸಿಗುವುದು ನಾಲ್ಕೋ ಐದೋ. ಆಗ ದಿನಾ ಇಳಿಯಲೇಬೇಕು. 6 ವ್ಯಾಟಿನದು ಹಾಕಿದ್ದರೂ ನಡುಹಗಲಿನಲ್ಲಿ ಹೋಗುವ ಕರೆಂಟು ಸೊನ್ನೆಯೇ.

ಇನ್ನು ಚಾರ್ಜ್ ಖರ್ಚಾಗುವ ಕಡೆ. ನಮ್ಮ ಮನೆಯಲ್ಲಿ ಬ್ಯಾಟರಿ ತಿನ್ನುತ್ತಿದ್ದದ್ದು ಕಳ್ಳರಲ್ಲ, ನಮ್ಮ ಮಾವ! ಶೆಡ್ಡಿನ ಒಳಗಿನ ಸ್ಟಾರ್ಟರ್ ಲೈಟು ಕ್ಯಾಮೆರಾದ ಮೂಲೆಯಲ್ಲಿ ಕಾಣುತ್ತದೆ. ತ್ರೀ ಫೇಸ್ ಬಂತಾ ಅಂತ ನೋಡಲು ಅರ್ಧ ತಾಸಿಗೊಮ್ಮೆ ಲೈವ್ ಹಚ್ಚುತ್ತಿದ್ದರು. ಹಚ್ಚಿ, ಫೋನ್ ಪಕ್ಕಕ್ಕಿಟ್ಟು ಚಹಾ ಕುಡಿಯುತ್ತಿದ್ದರು. ಲೈವ್ ನಡೆಯುವಾಗ ಸಿಮ್ ಕ್ಯಾಮೆರಾ ಸುಮಾರು 2 ವ್ಯಾಟ್ ಎಳೆಯುತ್ತದೆ. 10,000 ಎಂಎಎಚ್ ಬ್ಯಾಟರಿ ಅಂದರೆ 37 ವ್ಯಾಟ್ ಅವರ್. ಒಂದು ತಾಸು ಲೈವ್ ನೋಡಿದರೆ 5 ಪರ್ಸೆಂಟ್ ಹೋಯಿತು. ಬೈದರೆ ಕೇಳುವವರಲ್ಲ, ಕೊನೆಗೆ ಸ್ಟಾರ್ಟರಿಗೆ ಮೊಬೈಲ್ ಆಟೋ (ಕರೆಂಟ್ ಬಂದಿದ್ದನ್ನು ಫೋನಿಗೆ ತಿಳಿಸುವ ಡಬ್ಬಿ) ಹಾಕಿಸಿದೆ. ಸಿಗ್ನಲ್ ಒಂದೇ ಕಡ್ಡಿ ಇದ್ದರೂ ಖರ್ಚು ಜಾಸ್ತಿ, ಟವರ್ ಹಿಡಿಯಲು ಒದ್ದಾಡುತ್ತದೆ. ಕ್ಯಾಮೆರಾ ಸ್ವಲ್ಪ ಎತ್ತರಕ್ಕೆ ಸರಿಸಿ ನೋಡಿ.

ಕುರಿ, ನಾಯಿ, ಗಾಳಿಗೆ ಆಡುವ ಜಾಲಿ ಟೊಂಗೆಗೆಲ್ಲ ರೆಕಾರ್ಡ್ ಆಗುತ್ತಿದ್ದರೆ ಆ್ಯಪ್‌ನಲ್ಲಿ ಆ ಜಾಗ ಬಿಟ್ಟು ಗುರುತು ಹಾಕಿ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಇವುಗಳ ಸೆನ್ಸರ್ ಮನುಷ್ಯನ ಮೈ ಕಾವನ್ನು ಸುತ್ತಲಿನ ಕಾವಿಗೆ ಹೋಲಿಸಿ ಗುರುತಿಸುತ್ತದೆ. ಹೊರಗೇ ಮೈಯಷ್ಟು ಕಾವಿದ್ದರೆ ಅದಕ್ಕೆ ಮನುಷ್ಯ ಕಾಣುವುದೇ ಕಷ್ಟ. ಮೇ ತಿಂಗಳ ಮಧ್ಯಾಹ್ನ ನಾನು ಎದುರಿಗೆ ನಿಂತು ಕೈ ಬೀಸಿದರೂ ಸುಮ್ನಿತ್ತು. ರಾತ್ರಿ ಸರಿಯಾಗಿ ಹಿಡಿಯುತ್ತದೆ. ಅದು ಕೆಟ್ಟಿದೆ ಅಂತ ಸೂಕ್ಷ್ಮತೆ ಪೂರ್ತಿ ಏರಿಸಬೇಡಿ, ರಾತ್ರಿಯೆಲ್ಲ ಸುಮ್ಮಸುಮ್ನೆ ರೆಕಾರ್ಡ್ ಮಾಡುತ್ತದೆ.

ಧೂಳು ನಿಮಗೆ ನಮಗಿಂತ ಜಾಸ್ತಿಯೇ ಇರುತ್ತದೆ, ಅದಿರಿನ ಲಾರಿ ಓಡಾಡುವ ರಸ್ತೆ ಹತ್ತಿರ ಇದ್ದರಂತೂ ಕೆಂಪಗೆ ಪದರ ಕಟ್ಟುತ್ತದೆ. ಚಿಕ್ಕ ಪ್ಯಾನೆಲ್ಲಿಗೆ ಒಂದು ಮೂಲೆ ಮುಚ್ಚಿದರೂ ದೊಡ್ಡ ಪೆಟ್ಟು. ಸೆಲ್ಲುಗಳೆಲ್ಲ ಸಾಲಾಗಿ ಜೋಡಿಸಿರುತ್ತಾರೆ, ಒಂದಕ್ಕೆ ನೆರಳು ಬಿದ್ದರೆ ಉಳಿದವೂ ಸೊರಗುತ್ತವೆ. ಬೆಳಗ್ಗೆ ತಂಪಿರುವಾಗ ಒದ್ದೆ ಬಟ್ಟೆಯಲ್ಲಿ ಒರೆಸಿ. ಬೋರಿನ ಉಪ್ಪು ನೀರು ಹಾಗೇ ಒಣಗಿದರೆ ಬಿಳಿ ಕಲೆ ನಿಲ್ಲುತ್ತದೆ, ಒಣ ಬಟ್ಟೆಯಿಂದ ಮತ್ತೊಮ್ಮೆ ಒರೆಸಬೇಕು. ಕಣದ ಕ್ಯಾಮೆರಾದ ಪ್ಯಾನೆಲ್ ನಾನು ಮೊದಲ ಸಲ ಒಣ ಬಟ್ಟೆಯಲ್ಲೇ ಜಾಡಿಸಿದ್ದೆ. ಮೆಣಸಿನಕಾಯಿ ಘಾಟು ಎದ್ದು, ಏಣಿ ಮೇಲೆ ನಿಂತು ಸೀನಿದ್ದೇ ಸೀನಿದ್ದು. ಕೆಳಗೆ ಏಣಿ ಹಿಡಿದಿದ್ದ ಅವ್ವ ಬಿಟ್ಟು ಓಡಿಹೋದಳು. ನಮ್ಮ ಅಕ್ಷಾಂಶಕ್ಕೆ ಪ್ಯಾನೆಲ್ 15-16 ಡಿಗ್ರಿ ಓರೆ ಇದ್ದರೆ ಸಾಕು, ಆದರೂ ನಾನು 25ರಷ್ಟು ಇಟ್ಟಿದ್ದೇನೆ. ಧೂಳು ಕಡಿಮೆ ಕೂರುತ್ತದೆ.

ಪ್ಯಾನೆಲ್ ದೂರ ಇಟ್ಟರೆ ವೈರಿನ ಬಗ್ಗೆ ಎಚ್ಚರ. ಅಗ್ಗದ ಯುಎಸ್‌ಬಿ ಎಕ್ಸ್‌ಟೆನ್ಷನ್‌ನ ಒಳಗಿನ ತಂತಿ ಕೂದಲಿನಷ್ಟಿರುತ್ತದೆ. 28 ಗೇಜಿನ ತಂತಿ 5 ಮೀಟರ್ ಎಳೆದು ಅರ್ಧ ಆಂಪಿಯರ್ ಹರಿಸಿದರೆ ದಾರಿಯಲ್ಲೇ 1 ವೋಲ್ಟ್ ಹೋಗುತ್ತದೆ. 5ರಲ್ಲಿ 4 ಉಳಿದರೆ ಎಷ್ಟೋ ಕ್ಯಾಮೆರಾ ಚಾರ್ಜ್ ತಗೊಳ್ಳುವುದೇ ಇಲ್ಲ. 3 ಮೀಟರ್ ಒಳಗೆ ಮುಗಿಸಿ, ಇಲ್ಲವೇ ದಪ್ಪ ತಂತಿ ಬೆಸೆಸಿಕೊಳ್ಳಿ.

ಮತ್ತೆ, ಬೇಲಿಯ ಝಟ್ಕಾ ಮಷಿನ್ನಿನ 12 ವೋಲ್ಟ್ ಪ್ಯಾನೆಲ್ ಖಾಲಿ ಇದೆ ಅಂತ ಅದನ್ನೇ ಚುಚ್ಚಿಬಿಡಬೇಡಿ. ಹೆಸರಿಗೆ 12, ಬಿಸಿಲಲ್ಲಿ ಲೋಡ್ ಇಲ್ಲದಾಗ 21 ವೋಲ್ಟ್ ಇರುತ್ತದೆ. ಪಕ್ಕದ ಹೊಲದ ಕಾಕಾ ಹೀಗೆ ಮಾಡಿ, ಎರಡು ನಿಮಿಷಕ್ಕೆ ಸುಟ್ಟ ವಾಸನೆ ಬಂತು. ಈಗ ಆ ಕ್ಯಾಮೆರಾ ಹಾಗೇ ಕಂಬದ ಮೇಲಿದೆ, ಕಳ್ಳರಿಗೆ ಗೊತ್ತಿಲ್ಲ ಬಿಡು ಅನ್ನುತ್ತಾರೆ.