ಶೇ 95 ನಿಜವೋ, ಶೇ 0.84 ನಿಜವೋ?

ಪ್ರಶ್ನೆ: ಫೈಝರ್ ಕಂಪನಿಯ ಕೋವಿಡ್ ಲಸಿಕೆ ಶೇ 95ರಷ್ಟು ಪರಿಣಾಮಕಾರಿ ಎಂದದ್ದು ಸುಳ್ಳು, ಅದರ ನಿಜವಾದ ‘ಎಆರ್‌ಆರ್’ ಕೇವಲ ಶೇ 0.84 ಎಂಬ ಸಂದೇಶ ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಮತ್ತೆ ಮತ್ತೆ ಬರುತ್ತಿದೆ. ಕೆಳಗೆ ‘ವೇರ್ಸ್ ನೋಡಿ’, ‘ನಾನು ಪ್ಯೂರ್‌ಬ್ಲಡ್’ ಎಂದೂ ಇದೆ. 2021ರಲ್ಲಿ ಕೋವಿಶೀಲ್ಡ್ ಹಾಕಿಸಿಕೊಂಡ ನಮ್ಮ ತಾಯಿ ಕಳವಳಗೊಂಡಿದ್ದಾರೆ. ಇವುಗಳ ಅರ್ಥವೇನು?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಎರಡು ಅಂಕಿಗಳೂ ನಿಜ, ಒಂದೇ ಎಣಿಕೆಯಿಂದ ಬಂದವು. 2020ರ ಆ ಪ್ರಯೋಗದಲ್ಲಿ ಲಸಿಕೆ ಪಡೆದ 18,198 ಮಂದಿಯಲ್ಲಿ 8 ಜನರಿಗೆ, ಬರೀ ಉಪ್ಪುನೀರಿನ ಚುಚ್ಚುಮದ್ದು ಪಡೆದ 18,325 ಮಂದಿಯಲ್ಲಿ 162 ಜನರಿಗೆ ಕೋವಿಡ್ ಬಂದಿತ್ತು. 162 ಇದ್ದದ್ದು 8ಕ್ಕೆ ಇಳಿಯಿತೆಂಬುದೇ ಶೇ 95. ಗುಂಪಿನ ಎಲ್ಲರನ್ನೂ ಲೆಕ್ಕಕ್ಕೆ ಹಿಡಿದರೆ ಕಾಯಿಲೆ ಬಿದ್ದವರು ಒಂದರಲ್ಲಿ ಶೇ 0.04, ಇನ್ನೊಂದರಲ್ಲಿ ಶೇ 0.88, ಈ ವ್ಯತ್ಯಾಸವೇ 0.84. ಇದನ್ನು ‘ಅಬ್ಸಲ್ಯೂಟ್ ರಿಸ್ಕ್ ರಿಡಕ್ಷನ್’, ಚಿಕ್ಕದಾಗಿ ಎಆರ್‌ಆರ್ ಎನ್ನುತ್ತಾರೆ.

ನಮ್ಮ ಜಿಲ್ಲೆಯ ಮೆಕ್ಕೆಜೋಳದ ಹೊಲವನ್ನೇ ತೆಗೆದುಕೊಳ್ಳಿ. ಔಷಧಿ ಹೊಡೆಯದ ಹೊಲದ 10,000 ಗಿಡಗಳಲ್ಲಿ 88ರ ಸುಳಿಯೊಳಗೆ ಸೈನಿಕ ಹುಳು ಸೇರಿದೆ, ಹೊಡೆದ ಹೊಲದಲ್ಲಿ 4ರಲ್ಲಿ ಮಾತ್ರ ಎಂದಿಟ್ಟುಕೊಳ್ಳೋಣ. ‘ನೂರು ಗಿಡಕ್ಕೆ ಒಂದನ್ನೂ ಈ ಔಷಧಿ ಉಳಿಸಲಿಲ್ಲ’ ಎಂದು ಯಾವ ರೈತರೂ ಡಬ್ಬಿ ಎಸೆಯುವುದಿಲ್ಲ, ಏಕೆಂದರೆ ಹುಳು ಇನ್ನೂ ಹಬ್ಬುತ್ತಿದೆಯೆಂದು ಅವರಿಗೆ ಗೊತ್ತು. ಹುಳು ಹತ್ತು ಪಟ್ಟಾದರೆ ಅವು 880 ಮತ್ತು 40 ಆಗುತ್ತವೆ. ಶೇ 95 ಹಾಗೆಯೇ ಉಳಿದು 0.84 ಮಾತ್ರ 8.4 ಆಗುತ್ತದೆ. ಪ್ರಯೋಗದ ಎಣಿಕೆಯೂ ಎರಡನೆಯ ಡೋಸಿನ ನಂತರ ಸುಮಾರು ಎರಡು ತಿಂಗಳದ್ದು. ಶೇ 95 ಕೂಡ ಶಾಶ್ವತವಲ್ಲ ಎಂಬುದನ್ನು ಮುಚ್ಚಿಡಬಾರದು: ಓಮೈಕ್ರಾನ್ ಬಂದ ಮೇಲೆ ಸೋಂಕನ್ನು ತಡೆಯುವ ಶಕ್ತಿ ಬಹಳ ಕುಗ್ಗಿತು.

‘ವೇರ್ಸ್’ ಎಂಬುದು ಅಮೆರಿಕದಲ್ಲಿ 1990ರಿಂದ ಇರುವ ದಾಖಲಾತಿ ವ್ಯವಸ್ಥೆ. ಲಸಿಕೆಯ ನಂತರ ಏನೇ ತೊಂದರೆಯಾದರೂ ಯಾರು ಬೇಕಾದರೂ ಅಲ್ಲಿ ಬರೆಸಬಹುದಾದ್ದರಿಂದ ಅಲ್ಲಿನ ಸಂಖ್ಯೆ ಲಸಿಕೆಯಿಂದಲೇ ಆದ ತೊಂದರೆಗಳ ಲೆಕ್ಕವಲ್ಲ. ಆದರೂ ಅದು ಬಹಳ ಬೆಲೆಯುಳ್ಳದ್ದು. 2021ರ ಏಪ್ರಿಲ್‌ನಲ್ಲಿ 68 ಲಕ್ಷ ಡೋಸ್‌ಗಳ ನಡುವೆ ರಕ್ತ ಹೆಪ್ಪುಗಟ್ಟಿದ ಆರೇ ಪ್ರಕರಣಗಳು ಕಂಡಾಗ ಜಾನ್ಸನ್ ಆ್ಯಂಡ್ ಜಾನ್ಸನ್ ಲಸಿಕೆಯನ್ನು ಅಲ್ಲಿ ಕೆಲದಿನ ನಿಲ್ಲಿಸಿದ್ದರು.

‘ಪ್ಯೂರ್‌ಬ್ಲಡ್’ ಎಂಬುದು ಲಸಿಕೆ ಪಡೆಯದ ಕೆಲವರು ತಮಗೆ ತಾವೇ ಇಟ್ಟುಕೊಂಡ ಹೆಸರು. ವೈದ್ಯಶಾಸ್ತ್ರದಲ್ಲಿ ಅದಕ್ಕೆ ಅರ್ಥವಿಲ್ಲ. ರಕ್ತದ ಶುದ್ಧಿ, ಮೈಲಿಗೆಗಳ ಮಾತಿನಿಂದ ಸಾಕಷ್ಟು ನೊಂದಿರುವ ನಮ್ಮ ನಾಡಿಗೆ ಅದು ಬೇಡವೇ ಬೇಡ.

ಇನ್ನು ನಿಮ್ಮ ತಾಯಿಯವರ ವಿಷಯ. ಫೈಝರ್ ಲಸಿಕೆ ಭಾರತದ ಅಭಿಯಾನದಲ್ಲಿ ಬಳಕೆಗೇ ಬರಲಿಲ್ಲ, ಹಾಗಾಗಿ ಆ ಅಂಕಿಗಳು ಅವರು ಪಡೆದ ಲಸಿಕೆಯವಲ್ಲ. ಕೋವಿಶೀಲ್ಡ್‌ನಿಂದ ಅತಿ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ಬರುವುದು ನಿಜ, ಆದರೆ ಅದು ಕಾಣಿಸಿಕೊಳ್ಳುವುದು ಲಸಿಕೆಯಾದ ಕೆಲವು ವಾರಗಳೊಳಗೆ. ಅವರ ಪಾಲಿಗೆ ಆ ವಾರಗಳು 2021ರಲ್ಲೇ ಕಳೆದಿವೆ ಎಂದು ಅವರಿಗೆ ತಿಳಿಸಿ.