ರೈಟ್ ಇಲ್ಲಿ 1, ಅಲ್ಲಿ 64: ಸಿ ಲೈಬ್ರರಿಯಲ್ಲಿ ಸಿಸ್ಟಮ್ ಕಾಲ್ ನಂಬರ್‌ಗಳನ್ನು ಹೇಗೆ ಇಟ್ಟುಕೊಳ್ಳೋದು?

ನಿಮ್ಮ ಪ್ರಶ್ನೆ ನನಗೆ ಅರ್ಥ ಆಗಿದ್ದು ಹೀಗೆ. ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾ, ಕಲಿಯೋಕೆ ಅಂತ ಒಂದು ಪುಟ್ಟ ಸಿ ಲೈಬ್ರರಿ ಬರೆಯುತ್ತಿದ್ದೀರಿ. ಪ್ರೋಗ್ರಾಂ ಲಿನಕ್ಸ್ ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ, ಕೆಲಸ ಹೇಳುವುದು ಸಿಸ್ಟಮ್ ಕಾಲ್ ಮೂಲಕ, ಪ್ರತಿ ಕಾಲ್‌ಗೂ ಒಂದು ನಂಬರ್. ಲ್ಯಾಪ್‌ಟಾಪ್‌ನಲ್ಲಿ ರೈಟ್‌ಗೆ 1, ಪ್ರೋಗ್ರಾಂ ಮುಗಿಸುವ ಎಕ್ಸಿಟ್‌ಗೆ 60 ಅಂತ ಕೊಟ್ಟಾಗ ಎಲ್ಲ ಸರಿಯಾಗಿ ಓಡಿತು. ಅದನ್ನೇ 64 ಬಿಟ್ ರಾಸ್‌ಬೆರಿ ಪೈಗೆ ಒಯ್ದು, ಅಸೆಂಬ್ಲಿ ಸಾಲು ಮಾತ್ರ ಬದಲಾಯಿಸಿದಿರಿ. ಸ್ಕ್ರೀನ್ ಮೇಲೆ ಏನೂ ಬರಲಿಲ್ಲ, ಪ್ರೋಗ್ರಾಂ ಕ್ರ್ಯಾಶ್ ಆಯಿತು. ಈಗ ಒಂದು ದೊಡ್ಡ ಹೆಡರ್ ಮಾಡಿ ಎಲ್ಲ ಆರ್ಕಿಟೆಕ್ಚರ್‌ಗಳ (ಪ್ರೊಸೆಸರ್ ಬಗೆಗಳ) ನಂಬರ್‌ಗಳನ್ನೂ ಇಫ್‌ಡೆಫ್ (ಕಂಪೈಲ್ ಹೊತ್ತಿನ ಷರತ್ತು) ಹಾಕಿ ತುಂಬಿಸಬೇಕಾ ಅಂತ ಕೇಳಿದ್ದೀರಿ.

ಬೇಡ. ಆರ್ಕಿಟೆಕ್ಚರ್‌ಗೆ ಒಂದೊಂದು ಫೈಲ್ ಇಡಿ. ಅದರಲ್ಲಿ ನಂಬರ್‌ಗಳು ಮಾತ್ರ ಇರಲಿ. ಅದನ್ನು ಕೈಯಲ್ಲಿ ಟೈಪ್ ಮಾಡಬೇಡಿ, ಕರ್ನಲ್ ಹೆಡರ್‌ನಿಂದ ಸ್ಕ್ರಿಪ್ಟ್ ಬರೆದು ತೆಗೆಯಿರಿ. ಉಳಿದ ಸಿ ಕೋಡ್‌ಗೆ ಹೆಸರು ಮಾತ್ರ ಗೊತ್ತಿರಲಿ, ನಂಬರ್ ಗೊತ್ತಾಗೋದೇ ಬೇಡ. ಮುಖ್ಯವಾದ ಇನ್ನೊಂದು ಮಾತು: ಇಫ್‌ಡೆಫ್ ಹಾಕುವಾಗ "ಇದು ಆರ್ಮ್64 ಆ?" ಅಂತ ಕೇಳಬೇಡಿ, "ಈ ಹೆಸರಿನ ಕಾಲ್ ಇಲ್ಲಿ ಉಂಟಾ?" ಅಂತ ಕೇಳಿ. ಕಾರಣ ಮುಂದೆ ಹೇಳುತ್ತೇನೆ.

ಮೊದಲು ನಿಮ್ಮ ಪೈನಲ್ಲಿ ಏನಾಯಿತು ನೋಡೋಣ. ಪೈನ ಆರ್ಕಿಟೆಕ್ಚರ್ ಆದ ಆರ್ಮ್64ರಲ್ಲಿ ರೈಟ್ 64, ರೀಡ್ 63, ಎಕ್ಸಿಟ್ 93. ನೀವು ಕೊಟ್ಟ 1 ಅಲ್ಲಿ ಐಒ-ಡಿಸ್ಟ್ರಾಯ್, ಅಂದರೆ ಹಳೆಯ ಅಸಿಂಕ್ ಐಒ ಗುಂಪಿನ ಒಂದು ಕಾಲ್. ಅಂಥ ಕಾಂಟೆಕ್ಸ್ಟ್ ಯಾವುದೂ ಇಲ್ಲ ಅಂತ ಅದು ಎರರ್ ಕೊಟ್ಟಿತು, ನೀವು ರಿಟರ್ನ್ ವ್ಯಾಲ್ಯೂ ನೋಡಲಿಲ್ಲ. 60 ಅಲ್ಲಿ ಕೋಟಾಸಿಟಿಎಲ್, ಡಿಸ್ಕ್ ಕೋಟಾಕ್ಕೆ ಸಂಬಂಧಪಟ್ಟದ್ದು. ಅದೂ ಎರರ್ ಕೊಟ್ಟು ವಾಪಸ್ ಬಂತು. ಎಕ್ಸಿಟ್ ವಾಪಸ್ ಬರೋದೇ ಇಲ್ಲ ಅಂತ ನೀವು ಅದರ ಮುಂದೆ ಏನೂ ಬರೆದಿರಲಿಲ್ಲ, ಅಲ್ವಾ? ಪ್ರೊಸೆಸರ್‌ಗೆ ಅದೆಲ್ಲ ಗೊತ್ತಿಲ್ಲ. ಮುಂದೆ ಸಿಕ್ಕಿದ ಬೈಟ್‌ಗಳನ್ನೇ ಓಡಿಸಲು ಹೋಗಿ ಬಿತ್ತು. ಮಂಗಳೂರಿನ ಸಿಟಿ ಬಸ್ಸಿನ ನಂಬರ್ ನೆನಪಿಟ್ಟುಕೊಂಡು ಬೆಂಗಳೂರಿನಲ್ಲಿ ಬಸ್ ಹತ್ತಿದ ಹಾಗೆ ಇದು. ಆ ನಂಬರಿನ ಬಸ್ ಬರುವುದೇನೋ ಬರುತ್ತದೆ, ಹೋಗುವುದು ಬೇರೆ ಕಡೆಗೆ.

ಹಳೆಯ ಟ್ಯುಟೋರಿಯಲ್ ನೋಡಿ ಬರೆಯುವವರಿಗೆ ಲ್ಯಾಪ್‌ಟಾಪ್‌ನಲ್ಲೇ ಇಂಥದ್ದೊಂದು ಆಗುತ್ತದೆ. 64 ಬಿಟ್ ಪ್ರೋಗ್ರಾಂ ಒಳಗೆ ಇಂಟ್ 0ಎಕ್ಸ್80 (ಕರ್ನಲ್ ಅನ್ನು ಕರೆಯುವ ಹಳೆಯ ಇನ್‌ಸ್ಟ್ರಕ್ಷನ್) ಅಂತ ಬರೆದರೆ ಕರ್ನಲ್ ಐ386ರ, ಅಂದರೆ ಹಳೆಯ 32 ಬಿಟ್ ಪಿಸಿಯ ಪಟ್ಟಿಯನ್ನು ನೋಡುತ್ತದೆ. ಅಲ್ಲಿ 1 ಅಂದರೆ ಎಕ್ಸಿಟ್. ರೈಟ್ ಮಾಡಲು ಹೊರಟ ಪ್ರೋಗ್ರಾಂ ಒಂದು ಅಕ್ಷರವನ್ನೂ ಬರೆಯದೆ ಸುಮ್ನೆ ಮುಗಿದುಹೋಗುತ್ತದೆ. ಕ್ರ್ಯಾಶ್ ಆದರೂ ವಾಸಿ, ಏನೋ ತಪ್ಪಿದೆ ಅಂತಾದರೂ ಗೊತ್ತಾಗುತ್ತದೆ.

ಇಷ್ಟು ಗೋಜಲು ಯಾಕೆ ಅಂದರೆ, ಲಿನಕ್ಸ್ ಎಲ್ಲ ಕಡೆ ಒಂದೇ ಹೊತ್ತಿಗೆ ಹುಟ್ಟಲಿಲ್ಲ. ಐ386ರ ಎಕ್ಸಿಟ್ 1, ಫೋರ್ಕ್ 2, ರೀಡ್ 3, ರೈಟ್ 4 ಹಳೆಯ ಯುನಿಕ್ಸ್ ಕ್ರಮದಲ್ಲೇ ಬಂದವು. ನಿಮ್ಮ ಲ್ಯಾಪ್‌ಟಾಪ್‌ನ ಎಕ್ಸ್86-64 ಬಂದಾಗ ಆ ಪಟ್ಟಿ ಬಿಟ್ಟು ಹೊಸದಾಗಿ ಎಣಿಸಿದರು: ರೀಡ್ 0, ರೈಟ್ 1, ಓಪನ್ 2, ಕ್ಲೋಸ್ 3. ಮಿಪ್ಸ್ ಅನ್ನುವ ಪ್ರೊಸೆಸರ್‌ನಲ್ಲಿ ಬೇರೆ ಯುನಿಕ್ಸ್‌ಗಳಿಗೂ ಜಾಗ ಬಿಟ್ಟು ಲಿನಕ್ಸ್‌ನ ಎಣಿಕೆಯನ್ನು 4000ರಿಂದ ಶುರು ಮಾಡಿದರು. ಆಮೇಲೆ ಅದರ 64 ಬಿಟ್ ಎಬಿಐಗೆ (ಪ್ರೋಗ್ರಾಂ ಮತ್ತು ಕರ್ನಲ್ ನಡುವಿನ ಬೈನರಿ ಒಪ್ಪಂದ) 5000, ಎನ್32 ಅನ್ನುವ ಇನ್ನೊಂದು ಎಬಿಐಗೆ 6000. ಅಂದರೆ ಒಂದೇ ಚಿಪ್‌ನಲ್ಲಿ ಮೂರು ಪಟ್ಟಿ. ಹಾಗಾಗಿ ಫೈಲ್ ಇಡಬೇಕಾದ್ದು ಪ್ರೊಸೆಸರ್‌ಗೆ ಒಂದಲ್ಲ, ಎಬಿಐಗೆ ಒಂದು.

2012ರ ಕೊನೆಯಲ್ಲಿ ಆರ್ಮ್64 ಕರ್ನಲ್‌ಗೆ ಸೇರಿದಾಗ ಹೊಸ ಆರ್ಕಿಟೆಕ್ಚರ್‌ಗಳಿಗೆ ಅಂತ ಕರ್ನಲ್‌ನಲ್ಲಿರುವ ಸಾಮಾನ್ಯ ಪಟ್ಟಿಯನ್ನೇ ಬಳಸಿತು. ರಿಸ್ಕ್-ಫೈವ್ ಅನ್ನುವ ಆರ್ಕಿಟೆಕ್ಚರ್ ಕೂಡ ಅದನ್ನೇ ಬಳಸುತ್ತದೆ. ಆ ಪಟ್ಟಿಯಲ್ಲಿ ಹಳೆಯ ಕಾಲ್‌ಗಳು ಇಲ್ಲವೇ ಇಲ್ಲ. ಓಪನ್ ಇಲ್ಲ, ಓಪನ್‌ಅಟ್ ಮಾತ್ರ. ಫೋರ್ಕ್ ಇಲ್ಲ, ಕ್ಲೋನ್ ಮಾತ್ರ. ಪೈಪ್ ಇಲ್ಲ, ಪೈಪ್2 ಉಂಟು. ಡಪ್2 ಇಲ್ಲ, ಡಪ್3 ಉಂಟು. ಅಂದರೆ ಅಲ್ಲಿ ಓಪನ್‌ನ ನಂಬರ್ ಎಷ್ಟು ಅನ್ನುವ ಪ್ರಶ್ನೆಗೆ ಉತ್ತರವೇ ಇಲ್ಲ. ನಿಮ್ಮ ಓಪನ್ ಫಂಕ್ಷನ್ ಎಲ್ಲ ಕಡೆ ಓಪನ್‌ಅಟ್ ಅನ್ನೇ ಕರೆದರೆ ಗಲಾಟೆ ಮುಗಿಯಿತು. ಅದು ಎಕ್ಸ್86-64ರಲ್ಲೂ ಇದೆ, ನಂಬರ್ 257.

ಈಗ ಆ ಇಫ್‌ಡೆಫ್ ಮಾತಿಗೆ ಬರೋಣ. ಆರ್ಮ್64 ಮತ್ತು ರಿಸ್ಕ್-ಫೈವ್ ಒಂದೇ ಪಟ್ಟಿ ಅಂತ ಈಗಷ್ಟೇ ಹೇಳಿದೆ, ಆದರೆ ಪೂರ್ತಿ ಒಂದೇ ಅಲ್ಲ ಮಾರಾಯ್ರೆ. ಆರ್ಮ್64ರಲ್ಲಿ ರಿನೇಮ್‌ಅಟ್ ಇದೆ, ನಂಬರ್ 38. ರಿಸ್ಕ್-ಫೈವ್‌ನಲ್ಲಿ ಅದು ಇಲ್ಲ, ರಿನೇಮ್‌ಅಟ್2 ಮಾತ್ರ, ನಂಬರ್ 276. "ಆರ್ಮ್64 ಆದರೆ ಹೀಗೆ, ಇಲ್ಲದಿದ್ದರೆ ಹಾಗೆ" ಅಂತ ಬರೆದ ಕೋಡ್‌ನಲ್ಲಿ ಹೊಸ ಆರ್ಕಿಟೆಕ್ಚರ್ ಬಂದಾಗಲೆಲ್ಲ ಎಲ್ಲ ಫೈಲ್‌ಗಳನ್ನೂ ಹುಡುಕಿ ತಿದ್ದಬೇಕು. "ರಿನೇಮ್‌ಅಟ್ ಹೆಸರು ಡಿಫೈನ್ ಆಗಿದ್ದರೆ ಅದು, ಇಲ್ಲದಿದ್ದರೆ ರಿನೇಮ್‌ಅಟ್2" ಅಂತ ಬರೆದರೆ ನಂಬರ್ ಫೈಲ್ ಸೇರಿಸಿದ ಕೂಡಲೇ ಕೋಡ್ ತಾನಾಗಿ ಸರಿದಾರಿ ಹಿಡಿಯುತ್ತದೆ.

ನಂಬರ್ ಫೈಲ್ ಮಾಡುವ ವಿಧಾನ ದೊಡ್ಡದೇನಲ್ಲ. ಕರ್ನಲ್ ಸೋರ್ಸ್ ಇಳಿಸಿಕೊಂಡು ಪ್ರತಿ ಆರ್ಕಿಟೆಕ್ಚರ್‌ಗೂ ಹೆಡರ್ಸ್ ಇನ್‌ಸ್ಟಾಲ್ ಅನ್ನುವ ಮೇಕ್ ಟಾರ್ಗೆಟ್ ಓಡಿಸಿ. ಆ ಹೆಡರ್‌ಗಳನ್ನು ಆಯಾ ಕ್ರಾಸ್ ಕಂಪೈಲರ್‌ನ ಪ್ರಿಪ್ರೊಸೆಸರ್‌ಗೆ ಕೊಟ್ಟು ಮ್ಯಾಕ್ರೋಗಳನ್ನು ಹೊರಗೆ ಹಾಕಿಸಿ. ಮಿಪ್ಸ್ ಮತ್ತು 32 ಬಿಟ್ ಆರ್ಮ್‌ನಲ್ಲಿ ಬೆಲೆ ನೇರ ನಂಬರ್ ಆಗಿರದೆ "ಬೇಸ್ ಕೂಡಿಸು ಇಷ್ಟು" ಅಂತ ಇರಬಹುದು. ಬರೀ ಗ್ರೆಪ್ ಮಾಡಿದರೆ ಅಲ್ಲಿ ತಪ್ಪುತ್ತೀರಿ, ಕಂಪೈಲರ್‌ನಿಂದಲೇ ಲೆಕ್ಕ ಹಾಕಿಸಿ. ಬಂದ ಪಟ್ಟಿಯನ್ನು ಸಾರ್ಟ್ ಮಾಡಿ ಗಿಟ್‌ಗೆ ಸೇರಿಸಿ. ಮುಂದಿನ ಸಲ ಹೊಸ ಕರ್ನಲ್‌ನಿಂದ ತೆಗೆದಾಗ ಡಿಫ್‌ನಲ್ಲಿ ಹೊಸ ಸಾಲುಗಳು ಮಾತ್ರ ಕಾಣಬೇಕು. ಇದ್ದ ಸಾಲು ಬದಲಾಗಿ ಕಂಡರೆ ನಿಮ್ಮ ಸ್ಕ್ರಿಪ್ಟ್ ಕೆಟ್ಟಿದೆ ಅಂತಲೇ ತಿಳಿಯಿರಿ. ಒಮ್ಮೆ ಬಿಡುಗಡೆಯಾದ ನಂಬರ್‌ಗೆ ಬೇರೆ ಅರ್ಥ ಕೊಡದಿರುವುದು ಲಿನಕ್ಸ್‌ನ ಕಟ್ಟುನಿಟ್ಟಿನ ಪದ್ಧತಿ.

ಸಿಸ್ಟಮ್‌ನಲ್ಲಿ ಇರುವ ಹೆಡರ್ ಅನ್ನೇ ಇನ್‌ಕ್ಲೂಡ್ ಮಾಡಿದರೆ ಸಾಲದಾ ಅಂತ ಅನಿಸಬಹುದು. ಕಲಿಯುವಾಗ ಸಾಕು. ಆದರೆ ಹಳೆಯ ಡಿಸ್ಟ್ರೋದಲ್ಲಿ ಬಿಲ್ಡ್ ಮಾಡಿದಾಗ ಹೊಸ ಕಾಲ್‌ಗಳ ಹೆಸರು ಸಿಗದೆ, ಒಂದೇ ಸೋರ್ಸ್‌ನಿಂದ ಎರಡು ಬಗೆಯ ಲೈಬ್ರರಿ ಹುಟ್ಟುತ್ತದೆ. ಈ ತಾಪತ್ರಯಕ್ಕೇ ಲಿನಕ್ಸ್‌ನಲ್ಲಿ ಹೆಚ್ಚು ಬಳಸುವ ಸಿ ಲೈಬ್ರರಿ ಜಿ-ಲಿಬ್‌ಸಿ 2020ರಿಂದ ಆರ್ಕಿಟೆಕ್ಚರ್‌ಗೆ ಒಂದರಂತೆ ತನ್ನದೇ ಪಟ್ಟಿಗಳನ್ನು ಸೋರ್ಸ್ ಒಳಗೇ ಇಟ್ಟುಕೊಂಡಿದೆ, ಅವೂ ಸ್ಕ್ರಿಪ್ಟ್‌ನಿಂದ ತೆಗೆದವು. ಮಸಲ್ ಅನ್ನುವ ಚಿಕ್ಕ ಸಿ ಲೈಬ್ರರಿ ಕೂಡ ಆರ್ಕಿಟೆಕ್ಚರ್‌ಗೆ ಒಂದು ಪಟ್ಟಿ ಇಟ್ಟು, ಎನ್‌ಆರ್ ಅಂತ ಶುರುವಾಗುವ ಹೆಸರುಗಳಿಂದ ಎಸ್‌ವೈಎಸ್ ಹೆಸರುಗಳನ್ನು ಬಿಲ್ಡ್ ಹೊತ್ತಿಗೆ ಸೆಡ್‌ನಲ್ಲಿ ಮಾಡಿಕೊಳ್ಳುತ್ತದೆ. ಓದಲು ಮಸಲ್ ಒಳ್ಳೆಯದು. ಜಿ-ಲಿಬ್‌ಸಿ ಸೋರ್ಸ್‌ಗೆ ಇಳಿದರೆ ಹೊರಗೆ ಬರುವುದು ಕಷ್ಟ.

ಮೇ 2019ರ ಲಿನಕ್ಸ್ 5.1ರಿಂದ ಒಂದು ಸಮಾಧಾನ ಉಂಟು. ಕರ್ನಲ್ ಡೆವಲಪರ್ ಆರ್ಂಡ್ ಬರ್ಗ್‌ಮನ್ ಪಟ್ಟಿಗಳನ್ನೆಲ್ಲ ಒಂದು ಸಾಲಿಗೆ ತಂದ ಮೇಲೆ ಹೊಸ ಕಾಲ್‌ಗಳಿಗೆ ಎಲ್ಲ ಕಡೆ ಒಂದೇ ನಂಬರ್. ಹೊಸ ಅಸಿಂಕ್ ಐಒದ ಐಒ-ಯುರಿಂಗ್ ಸೆಟಪ್ ನಿಮ್ಮ ಲ್ಯಾಪ್‌ಟಾಪ್‌ನಲ್ಲೂ ಪೈನಲ್ಲೂ 425. ಆದರೆ ಮಿಪ್ಸ್ ತನ್ನ ಬೇಸ್ ಕೂಡಿಸಿ 4425 ಮಾಡುತ್ತದೆ, ಆಲ್ಫಾ ಪ್ರೊಸೆಸರ್‌ನಲ್ಲಿ 535. ಹಾಗಾಗಿ 424ರ ಮೇಲಿನವನ್ನು ಒಂದು ಕಾಮನ್ ಹೆಡರ್‌ಗೆ ಹಾಕುವ ಜಾಣತನ ಬೇಡ. ಅದರಿಂದ ಉಳಿಯುವುದು ಸ್ಕ್ರಿಪ್ಟ್ ಬರೆಯುವ ಕೆಲವೇ ಸಾಲು.

ನಂಬರ್ ಸರಿಯಾದ ಮೇಲೆ ನಿಜವಾದ ತಲೆನೋವು ಶುರು. ನಂಬರ್ ಇಡುವ ರಿಜಿಸ್ಟರ್ ಎಕ್ಸ್86-64ರಲ್ಲಿ ಆರ್‌ಎಎಕ್ಸ್, ಆರ್ಮ್64ರಲ್ಲಿ ಎಕ್ಸ್8, ರಿಸ್ಕ್-ಫೈವ್‌ನಲ್ಲಿ ಎ7. ಇದು ನಿಮಗೆ ಗೊತ್ತಿದೆ. ಜನ ಎಡವುವುದು ಫ್ಲ್ಯಾಗ್‌ಗಳಲ್ಲಿ. ಎಕ್ಸ್86ರಲ್ಲಿ ಒ-ಡೈರೆಕ್ಟರಿ ಆಕ್ಟಲ್ 0200000, ಒ-ಡೈರೆಕ್ಟ್ 040000. ಆರ್ಮ್‌ನಲ್ಲಿ ಇವೆರಡೂ ಅದಲುಬದಲು! ಡೈರೆಕ್ಟರಿ ತೆರೆ ಅಂತ ನೀವು ಹೇಳಿದ್ದು ಅಲ್ಲಿ ಕ್ಯಾಶ್ ಬಿಟ್ಟು ಡಿಸ್ಕ್‌ನಿಂದ ಓದು ಅಂತ ಆಗುತ್ತದೆ. ಕ್ಲೋನ್‌ನ ಕೊನೆಯ ಎರಡು ಆರ್ಗ್ಯುಮೆಂಟ್‌ಗಳದ್ದೂ ಇದೇ ಕಥೆ: ಎಕ್ಸ್86-64ರಲ್ಲಿ ಮೊದಲು ಚೈಲ್ಡ್ ಟಿಐಡಿ (ಹೊಸ ಥ್ರೆಡ್‌ನ ಐಡಿ ಇಡುವ ಜಾಗ), ಆಮೇಲೆ ಟಿಎಲ್‌ಎಸ್ (ಥ್ರೆಡ್‌ನ ಸ್ವಂತ ಡೇಟಾ ಇರುವ ಜಾಗ), ಆರ್ಮ್64ರಲ್ಲಿ ತಿರುಗುಮುರುಗು. 32 ಬಿಟ್ ಆರ್ಮ್‌ನಲ್ಲಿ 64 ಬಿಟ್ ಆರ್ಗ್ಯುಮೆಂಟ್ ಸಮಸಂಖ್ಯೆಯ ರಿಜಿಸ್ಟರ್‌ನಿಂದಲೇ ಶುರುವಾಗಬೇಕು. ಅದಕ್ಕೇ ಫೈಲ್‌ನ ಇಂಥ ಜಾಗದಿಂದ ಓದು ಅನ್ನುವ ಪ್ರೀಡ್64ರಲ್ಲಿ ಆರ್3 ಖಾಲಿ ಬಿಟ್ಟು ಆಫ್‌ಸೆಟ್ ಅನ್ನು ಆರ್4, ಆರ್5ರಲ್ಲಿ ಕೊಡಬೇಕು. ಐ386ರಲ್ಲಿ ಈ ನಿಯಮ ಇಲ್ಲ. ಎರರ್ ನಂಬರ್‌ಗಳೂ ಒಂದೇ ಅಲ್ಲ: ಅಂಥ ಕಾಲ್ ಇಲ್ಲ ಅನ್ನುವ ಇನೋಸಿಸ್ ಬಹುತೇಕ ಕಡೆ 38, ಮಿಪ್ಸ್‌ನಲ್ಲಿ 89. ಆದ್ದರಿಂದ ನಂಬರ್ ಫೈಲ್ ಪಕ್ಕದಲ್ಲೇ ಫ್ಲ್ಯಾಗ್, ಎರರ್, ಸ್ಟ್ಯಾಟ್ ಸ್ಟ್ರಕ್ಚರ್‌ಗಳಿಗೂ ಆರ್ಕಿಟೆಕ್ಚರ್ ಫೋಲ್ಡರ್‌ನಲ್ಲಿ ಜಾಗ ಮಾಡಿಡಿ.

ಇನ್ನೊಂದು ವಿಷಯ ನನ್ನ ಕೆಲಸದಿಂದಲೇ ಹೇಳುತ್ತೇನೆ. ನಾನು ಉಡುಪಿಯಲ್ಲಿ ಸಣ್ಣ ಬೋರ್ಡ್‌ಗಳಿಗೆ ಸಾಫ್ಟ್‌ವೇರ್ ಬರೆಯುತ್ತೇನೆ. ಮಲ್ಪೆಯ ಐಸ್ ಪ್ಲಾಂಟ್ ಮತ್ತು ಬೋಟ್‌ಗಳಲ್ಲಿ ಟೆಂಪರೇಚರ್ ದಾಖಲಿಸುವ ಪೆಟ್ಟಿಗೆಗಳು ಅವು, ಹೆಚ್ಚಿನವು 32 ಬಿಟ್ ಆರ್ಮ್. ಬೋಟ್‌ನ ಪೆಟ್ಟಿಗೆ ನಮ್ಮ ಕೈಗೆ ಸಿಗುವುದು ಜೂನ್, ಜುಲೈಯಲ್ಲಿ ಮೀನುಗಾರಿಕೆಗೆ ನಿಷೇಧ ಇದ್ದು ಬೋಟ್‌ಗಳು ದಡದಲ್ಲಿರುವಾಗ. ಆಗಲೂ ಕರ್ನಲ್ ಮುಟ್ಟಲು ಯಾರಿಗೂ ಧೈರ್ಯ ಇರುವುದಿಲ್ಲ, ಲೈಬ್ರರಿ ಮತ್ತು ಪ್ರೋಗ್ರಾಂ ಮಾತ್ರ ಹೊಸದಾಗುತ್ತವೆ. ಅಂದರೆ ಕಂಪೈಲ್ ಮಾಡುವಾಗ ಹೆಸರು ಇತ್ತು ಅಂದ ಮಾತ್ರಕ್ಕೆ ಓಡಿಸುವ ಕರ್ನಲ್‌ನಲ್ಲಿ ಆ ಕಾಲ್ ಇರುತ್ತದೆ ಅಂತ ಅಲ್ಲ.

32 ಬಿಟ್ ಆರ್ಮ್‌ನ ಹಳೆಯ ಕ್ಲಾಕ್-ಗೆಟ್‌ಟೈಮ್ ನಂಬರ್ 263. ಅದರ ಸೆಕೆಂಡ್ ಲೆಕ್ಕ 32 ಬಿಟ್, 2038ರ ಜನವರಿ 19ಕ್ಕೆ ತುಂಬುತ್ತದೆ. ಹೊಸದು ಕ್ಲಾಕ್-ಗೆಟ್‌ಟೈಮ್64, ನಂಬರ್ 403, ಬಂದದ್ದು 5.1ರಲ್ಲಿ. ಲೈಬ್ರರಿ ಮೊದಲು 403 ಕರೆಯಬೇಕು. ಇನೋಸಿಸ್ ಬಂದರೆ ಮಾತ್ರ 263 ಕರೆದು, ಸಿಕ್ಕ ಚಿಕ್ಕ ಸ್ಟ್ರಕ್ಚರ್ ಅನ್ನು ದೊಡ್ಡದಕ್ಕೆ ತುಂಬಿಸಿ ಕೊಡಬೇಕು. ಬೇರೆ ಎರರ್ ಬಂದರೆ ಹಾಗೇ ಮೇಲಕ್ಕೆ ಕಳಿಸಿ. ಕೆಲವು ಕಂಟೇನರ್‌ಗಳಲ್ಲಿ ಕಾಲ್‌ಗಳನ್ನು ತಡೆಯುವ ಸೆಕ್‌ಕಾಂಪ್ ಫಿಲ್ಟರ್‌ಗಳು ಗೊತ್ತಿಲ್ಲದ ನಂಬರ್‌ಗೆ ಇನೋಸಿಸ್ ಬದಲು ಅನುಮತಿ ಇಲ್ಲ ಅನ್ನುವ ಇಪರ್ಮ್ ಕೊಟ್ಟು ಜೀವ ತಿನ್ನುತ್ತವೆ. ಅದು ಫಿಲ್ಟರ್‌ನ ತಪ್ಪು, ನಿಮ್ಮ ಲೈಬ್ರರಿಯಲ್ಲಿ ಅದಕ್ಕೆ ತೇಪೆ ಹಾಕಲು ಹೋಗಬೇಡಿ.

ಪರೀಕ್ಷೆ ಮಾಡಲು ಎಲ್ಲ ಬೋರ್ಡ್ ಕೊಳ್ಳಬೇಕಿಲ್ಲ. ಬೇರೆ ಪ್ರೊಸೆಸರ್‌ಗಳನ್ನು ಅನುಕರಿಸುವ ಕ್ಯೂಎಮು ಅನ್ನುವ ಪ್ರೋಗ್ರಾಂನ ಯೂಸರ್ ಮೋಡ್‌ನಲ್ಲಿ ಆರ್ಮ್64, ರಿಸ್ಕ್-ಫೈವ್ ಪ್ರೋಗ್ರಾಂಗಳು ಲ್ಯಾಪ್‌ಟಾಪ್‌ನಲ್ಲೇ ಓಡುತ್ತವೆ. ಆದರೆ ಅಲ್ಲಿ ಕಾಲ್‌ಗಳನ್ನು ಅನುವಾದ ಮಾಡುವುದು ಕ್ಯೂಎಮು. ಅದಕ್ಕೆ ಗೊತ್ತಿಲ್ಲದ ಕಾಲ್‌ಗೂ ಇನೋಸಿಸ್ ಬರುತ್ತದೆ, ಅದನ್ನು ಕರ್ನಲ್‌ನ ಉತ್ತರ ಅಂದುಕೊಳ್ಳಬೇಡಿ. ಮೊದಲ ಪರೀಕ್ಷೆಗೆ ಪ್ರೋಗ್ರಾಂನ ಐಡಿ ಕೊಡುವ ಗೆಟ್‌ಪಿಡ್ ಒಳ್ಳೆಯದು: ಆರ್ಗ್ಯುಮೆಂಟ್ ಇಲ್ಲ, ತಪ್ಪಾದರೆ ಕೂಡಲೇ ಗೊತ್ತಾಗುತ್ತದೆ. ಎಕ್ಸ್86-64ರಲ್ಲಿ 39, ಆರ್ಮ್64ರಲ್ಲಿ 172, ಐ386ರಲ್ಲಿ 20. ನಿಜವಾದ ಪೈನಲ್ಲಿ ಕಾಲ್‌ಗಳನ್ನು ಒಂದೊಂದಾಗಿ ತೋರಿಸುವ ಎಸ್‌ಟ್ರೇಸ್ ಹಾಕಿ ಓಡಿಸಿದ್ದರೆ ರೈಟ್ ಇರಬೇಕಾದ ಜಾಗದಲ್ಲಿ ಐಒ-ಡಿಸ್ಟ್ರಾಯ್ ಅಂತ ನೇರವಾಗಿ ಕಾಣುತ್ತಿತ್ತು.

32 ಬಿಟ್ ಈಗಲೇ ಬೇಕಾ ಅಂತಲೂ ಕೇಳಿದ್ದಿರಿ. ಬೇಡ. ಎಕ್ಸ್86-64 ಮತ್ತು ಆರ್ಮ್64 ಎರಡನ್ನು ಮೊದಲು ಗಟ್ಟಿ ಮಾಡಿ, ಆಮೇಲೆ ರಿಸ್ಕ್-ಫೈವ್‌ಗೆ ಹೆಚ್ಚು ಕಷ್ಟ ಆಗದು. ಕೊನೆಗೊಂದು ಮಾತು: ಪ್ರಶ್ನೆಯ ಜೊತೆ ನೀವು ಹಾಕಿದ ಎಕ್ಸ್86-64 ಅಸೆಂಬ್ಲಿಯಲ್ಲಿ ಆರ್‌ಸಿಎಕ್ಸ್ ಮತ್ತು ಆರ್11 ಹಾಳಾಗುತ್ತವೆ ಅಂತ ಕಂಪೈಲರ್‌ಗೆ ಹೇಳಿಲ್ಲ. ಸಿಸ್‌ಕಾಲ್ ಇನ್‌ಸ್ಟ್ರಕ್ಷನ್ ಅವೆರಡನ್ನೂ ಅಳಿಸುತ್ತದೆ. ಈಗ ಓಡುತ್ತಿರುವುದು ಆಪ್ಟಿಮೈಸೇಶನ್ ಇಲ್ಲದ್ದಕ್ಕೆ ಇರಬೇಕು, ಒ2 ಹಾಕುವ ಮೊದಲು ಅವೆರಡನ್ನೂ ಮೆಮೊರಿಯನ್ನೂ ಕ್ಲಾಬರ್ ಪಟ್ಟಿಗೆ ಸೇರಿಸಿ.